ಸಾಕ್ಷಿ: ಕಣ್ಣಿರುವ ಪದ

ದೇವರು ತಮ್ಮ ಬಾಳಿನಲ್ಲಿ ಮಾಡಿದ್ದನ್ನು ಎದ್ದುನಿಂತು ಹೇಳುವುದಕ್ಕೆ ನಮ್ಮ ಸಭೆಗಳಲ್ಲಿ ಸಾಕ್ಷಿ ಎನ್ನುತ್ತೇವೆ. ಮೊನ್ನೆ ಪ್ರಾರ್ಥನಾ ಕೂಟ ಮುಗಿದ ಮೇಲೆ ಮತ್ತೆ ಅದೇ ಮಾತು ಕಿವಿಗೆ ಬಿತ್ತು. “ಅವರ ಸಾಕ್ಷಿ ಸೂಪರ್, ಎಷ್ಟು ಚೆನ್ನಾಗಿ ಮಾತಾಡ್ತಾರೆ!” ಅದೇ ಸಂಜೆ ಇನ್ನೊಬ್ಬ ಸಹೋದರಿ “ನನಗೆ ಸಾಕ್ಷಿ ಹೇಳೋಕೆ ಬರಲ್ಲ, ಮಾತು ತೊದಲುತ್ತೆ” ಎಂದು ಹಿಂದೆ ಸರಿದರು. ಸಾಕ್ಷಿ ಎಂದರೆ ಮಾತುಗಾರಿಕೆ ಎನ್ನುವ ಒಂದೇ ತಪ್ಪಿನಿಂದ ಹುಟ್ಟಿದ ಮಾತು ಎರಡೂ. ಹೀಗೆ ಎಷ್ಟು ಸಲ ಕೇಳುವುದು?

ಪದವನ್ನೇ ಬಿಡಿಸಿ ನೋಡಿ. ‘ಅಕ್ಷ’ ಎಂದರೆ ಕಣ್ಣು. ಕಣ್ಣೆದುರಿಗೆ ಇರುವುದು ಪ್ರತ್ಯಕ್ಷ, ಕಣ್ಣಿಗೆ ಆಚೆ ಇರುವುದು ಪರೋಕ್ಷ, ಕಣ್ಣ ಮುಂದೆಯೇ ಎನ್ನುವುದಕ್ಕೆ ಸಾಕ್ಷಾತ್. ಆ ಸಾಕ್ಷಾತ್‌ನಿಂದಲೇ ಸಾಕ್ಷಿ ಬಂತು. ನೇರವಾಗಿ ನೋಡಿದವನಿಗೆ ಆ ಹೆಸರು ಎಂದು ಸಂಸ್ಕೃತ ವ್ಯಾಕರಣಕಾರ ಪಾಣಿನಿ ಸೂತ್ರವನ್ನೇ ಬರೆದಿದ್ದಾನೆ. ಈ ಪದದಲ್ಲಿ ಕಣ್ಣಿದೆ, ನಾಲಿಗೆ ಎಲ್ಲೂ ಇಲ್ಲ. ನಮ್ಮ ಬಳಕೆಯೂ ಹಾಗೇ ಅಲ್ವಾ? ಮದುವೆಗೆ ಅಗ್ನಿಸಾಕ್ಷಿ ಎನ್ನುತ್ತೇವೆ. ಬೆಂಕಿ ಏನು ಮಾತಾಡುತ್ತದೆ? ಜಮೀನಿನ ಪತ್ರಕ್ಕೆ ಸಾಕ್ಷಿ ಹಾಕುವವರು ಸುಮ್ನೆ ಸಹಿ ಮಾಡಿ ಎದ್ದು ಹೋಗುತ್ತಾರೆ. ಅವರು ಅಲ್ಲಿದ್ದರು, ನೋಡಿದರು, ಅಷ್ಟೇ ಬೇಕಾದದ್ದು.

ಬೈಬಲಿನ ಹೊಸ ಒಡಂಬಡಿಕೆಯಲ್ಲಿ ಸಾಕ್ಷಿಗೆ ಇರುವ ಗ್ರೀಕ್ ಪದ ‘ಮಾರ್ಟುಸ್’ ಕೂಡ ನ್ಯಾಯಸ್ಥಾನದ್ದೇ. ಕಂಡದ್ದನ್ನು ಬಿಡದೆ ಪ್ರಾಣ ಕೊಟ್ಟವರಿಗೂ ಮುಂದೆ ಅದೇ ಹೆಸರು ನಿಂತಿತು. ನಮ್ಮಲ್ಲಿ ರಕ್ತಸಾಕ್ಷಿ ಎನ್ನುವುದು ಅವರನ್ನೇ.

ಈಗ ಗ್ರೀಸಿನ ಕೊರಿಂಥಕ್ಕೆ ಬನ್ನಿ. ಸುಮಾರು ಕ್ರಿ.ಶ. 50ರ ಹೊತ್ತಿಗೆ ಯೇಸುವಿನ ಸುವಾರ್ತೆ ಸಾರುತ್ತಾ ಅಪೊಸ್ತಲ ಪೌಲ ಅಲ್ಲಿಗೆ ಹೋದ. ಎರಡು ಬಂದರುಗಳ ವ್ಯಾಪಾರದ ಊರು. ಚೆನ್ನಾಗಿ ಮಾತಾಡುವವರಿಗೆ ಹೆಸರು, ಹಣ, ಶಿಷ್ಯರು ಎಲ್ಲ ಸಿಗುತ್ತಿದ್ದ ಕಾಲ. ಪೌಲ ಗುಡಾರ ಹೊಲಿದುಕೊಂಡು ಅಲ್ಲಿ ಒಂದೂವರೆ ವರ್ಷ ಇದ್ದ. ಆಮೇಲೆ ಅವರಿಗೆ ಬರೆದ ಮೊದಲನೆಯ ಪತ್ರದ 2ನೇ ಅಧ್ಯಾಯದಲ್ಲಿ, ನಾನು ವಾಕ್ಚಾತುರ್ಯದಿಂದ ಬರಲಿಲ್ಲ, ಬಲಹೀನನಾಗಿ, ಹೆದರಿ ನಡುಗುತ್ತಾ ಬಂದೆ ಎಂದು ಒಪ್ಪಿಕೊಳ್ಳುತ್ತಾನೆ. ಅವನ ಮಾತು ಏನೇನೂ ಸಾಲದು ಎಂದು ಕೆಲವರು ಆಡಿಕೊಂಡದ್ದನ್ನೂ ಎರಡನೆಯ ಪತ್ರದಲ್ಲಿ ಅವನೇ ಬರೆದಿದ್ದಾನೆ.

ಅದೇ ಅಧ್ಯಾಯದ 4ನೇ ವಚನದಲ್ಲಿ ನನಗೆ ಬಹಳ ಇಷ್ಟವಾದ ಒಂದು ಪದವಿದೆ: ‘ಅಪೋಡೈಕ್ಸಿಸ್’. ವಾದ ಹೂಡಿ ಪುರಾವೆ ಕೊಡುವುದಕ್ಕೆ ಗ್ರೀಕ್ ಭಾಷಣಕಾರರು ಬಳಸುತ್ತಿದ್ದ ಮಾತು ಇದು. ಹೊಸ ಒಡಂಬಡಿಕೆಯಲ್ಲಿ ಇದೊಂದೇ ಕಡೆ ಬರುತ್ತದೆ. ಅವರದೇ ಪದ ಎತ್ತಿಕೊಂಡು ಪೌಲ ಹೇಳುತ್ತಾನೆ: ನನ್ನ ಪುರಾವೆ ದೇವರಾತ್ಮನದು, ದೇವರ ಶಕ್ತಿಯದು. ಯಾಕೆ ಅಂದರೆ, ನಿಮ್ಮ ನಂಬಿಕೆ ಮನುಷ್ಯರ ಜಾಣತನಕ್ಕೆ ಆತುಕೊಂಡಿರಬಾರದು.

ಹಾಗಂತ ‘ಶಕ್ತಿ’ ಎಂದರೆ ಮೈಕಿನ ಸದ್ದು ಜಾಸ್ತಿ ಮಾಡುವುದು ಎಂದುಕೊಂಡರೆ ಅದೂ ತಪ್ಪೇ, ಮತ್ತು ಈಚೆಗೆ ಈ ತಪ್ಪೇ ಹೆಚ್ಚು. ಒಂದೇ ಅಧ್ಯಾಯ ಹಿಂದೆ ಹೋಗಿ ಓದಿ. ಪೌಲ ದೇವರ ಶಕ್ತಿ ಎಂದು ಕರೆಯುವುದು ಶಿಲುಬೆಯ ಮಾತನ್ನು. ರೋಮನ್ನರು ಅಪರಾಧಿಗಳನ್ನು ನೇತುಹಾಕುತ್ತಿದ್ದ ಮರ ಅದು. ಸೂಚಕಕಾರ್ಯ, ಅಂದರೆ ಅದ್ಭುತ, ಕೇಳುವವರಿಗೂ ಜ್ಞಾನ ಹುಡುಕುವವರಿಗೂ ಅವನು ಅದನ್ನೇ ತೋರಿಸಿದ.

ಚೆನ್ನಾಗಿ ಮಾತಾಡುವುದು ಪಾಪವೇನಲ್ಲ. ಅಲೆಕ್ಸಾಂಡ್ರಿಯದ ಅಪೊಲ್ಲೋಸ ಒಳ್ಳೆಯ ವಾಗ್ಮಿ. ನಾನು ನೆಟ್ಟೆ, ಅಪೊಲ್ಲೋಸ ನೀರು ಹೊಯ್ದ, ಬೆಳೆಸಿದವನು ದೇವರು ಎಂದು ಪೌಲ ಅವನನ್ನು ಜೊತೆಗೇ ಸೇರಿಸಿಕೊಂಡ.

ಮಾತು ತೊದಲುತ್ತೆ ಎಂದ ಆ ಸಹೋದರಿಗೆ ನಾನು ಅಪೊಸ್ತಲರ ಕೃತ್ಯಗಳ 4ನೇ ಅಧ್ಯಾಯ ತೆಗೆದು ತೋರಿಸಿದೆ. ಯೆರೂಸಲೇಮಿನ ಹಿರೀಸಭೆ, ಅಂದರೆ ಯೆಹೂದ್ಯರ ನ್ಯಾಯಸಭೆಯ ಮುಂದೆ ಯೇಸುವಿನ ಶಿಷ್ಯರಾದ ಪೇತ್ರ, ಯೋಹಾನ ನಿಂತಿದ್ದಾರೆ. ಇಬ್ಬರೂ ಶಾಸ್ತ್ರ ಓದದ ಸಾಮಾನ್ಯರು ಎಂದು ಸಭೆಗೆ ಗೊತ್ತಾಗಿದೆ. ಅವರ ಪಕ್ಕದಲ್ಲಿ, ಹುಟ್ಟಿನಿಂದ ನಡೆಯಲಾಗದೆ ದೇವಾಲಯದ ಬಾಗಿಲಲ್ಲಿ ಭಿಕ್ಷೆ ಬೇಡುತ್ತಿದ್ದು, ಅವರು ಯೇಸುವಿನ ಹೆಸರು ಹೇಳಿದಾಗ ಗುಣವಾದ, ನಲವತ್ತು ದಾಟಿದ ಮನುಷ್ಯ. ಆ ಸಭೆಯಲ್ಲಿ ಅವನು ಆಡಿದ ಒಂದು ಮಾತೂ ಅಲ್ಲಿ ದಾಖಲಾಗಿಲ್ಲ. ಅವನು ತನ್ನ ಕಾಲ ಮೇಲೆ ನಿಂತಿದ್ದಾನೆ. ಅವನನ್ನು ನೋಡಿ ಎದುರಾಡಲು ಸಭೆಗೆ ಏನೂ ತೋಚಲಿಲ್ಲ.