ಗೊರೊಂಗೊರೊ ತಕರಾರಿನ ಹಿಂದುಮುಂದು

ತಾಂಜಾನಿಯಾದ ಗೊರೊಂಗೊರೊ ಸಂರಕ್ಷಿತ ಪ್ರದೇಶದಲ್ಲಿ ಮಸಾಯಿ ದನಗಾಹಿಗಳು ಇರಬೇಕೇ, ಹೊರಡಬೇಕೇ ಎಂಬ ಪ್ರಶ್ನೆ ಕೆಲವು ವರ್ಷಗಳಿಂದ ರಸ್ತೆತಡೆ, ನ್ಯಾಯಾಲಯ ಮತ್ತು ಆಯೋಗಗಳ ನಡುವೆ ಸುತ್ತುತ್ತಿದೆ. ಅದರ ಬೇರು 1959ರಲ್ಲಿದೆ. ಸೆರೆಂಗೆಟಿ ರಾಷ್ಟ್ರೀಯ ಉದ್ಯಾನದಿಂದ ಮಸಾಯಿಗಳನ್ನು ತೆರವುಗೊಳಿಸಿದ ವಸಾಹತು ಆಡಳಿತವು, ಪಕ್ಕದ ಸುಮಾರು 8,300 ಚದರ ಕಿಲೋಮೀಟರ್ ನೆಲದಲ್ಲಿ ಅವರು ದನ ಮೇಯಿಸಿಕೊಂಡು ವನ್ಯಮೃಗಗಳ ಜೊತೆಗೇ ಬಾಳಬಹುದೆಂಬ ಏರ್ಪಾಟು ಮಾಡಿತು. ಆಮೇಲೆ ಆ ಪ್ರದೇಶದೊಳಗಿನ ದೊಡ್ಡ ಜ್ವಾಲಾಮುಖಿ ಕುಳಿಯ ತಳದಲ್ಲಿದ್ದ ಕುಟುಂಬಗಳನ್ನು ಹೊರಕಳಿಸಲಾಯಿತು. 1975ರಲ್ಲಿ ಬೇಸಾಯ ನಿಷೇಧವಾಗಿ, 1992ರಲ್ಲಿ ಸಡಿಲಗೊಂಡು, ಮತ್ತೆ ನಿಷೇಧವಾಯಿತು.

ಈ ನಡುವೆ, 1978ರಲ್ಲಿ, ಇದೇ ಪ್ರದೇಶದ ಲೇಟೊಲಿಯಲ್ಲಿ ಪುರಾಮಾನವ ಶಾಸ್ತ್ರಜ್ಞೆ ಮೇರಿ ಲೀಕಿಯವರ ತಂಡಕ್ಕೆ 36 ಲಕ್ಷ ವರ್ಷ ಹಳೆಯ ಹೆಜ್ಜೆಗುರುತುಗಳು ಸಿಕ್ಕವು. ಮಳೆಯಲ್ಲಿ ನೆನೆದ ಜ್ವಾಲಾಮುಖಿ ಬೂದಿಯ ಮೇಲೆ ಎರಡೇ ಕಾಲಿನಲ್ಲಿ ನಡೆದುಹೋದವರ ಜಾಡು ಅದು. ಹಿಮ್ಮಡಿ ಊರಿದ ತಗ್ಗು ಕೂಡ ಕಾಣುವಷ್ಟು ಸ್ಪಷ್ಟ. ಗಾಳಿಮಳೆಗೆ ಹಾಳಾಗದಿರಲೆಂದು ಅದನ್ನು ಹೊಳೆಯ ಮರಳಿನಿಂದ ಮುಚ್ಚಿದರು. ಆದರೆ ಮರಳಿನ ಜೊತೆ ಜಾಲಿ ಜಾತಿಯ ಬೀಜಗಳೂ ಬಂದಿದ್ದವು. ಅವು ಮೊಳೆತು ಆಳೆತ್ತರ ಬೆಳೆದು, ಬೇರುಗಳು ಹೆಜ್ಜೆಗಳೊಳಗೇ ಇಳಿಯತೊಡಗಿದವು. 1990ರ ದಶಕದ ನಡುವಿನಲ್ಲಿ ಅಮೆರಿಕದ ಗೆಟ್ಟಿ ಸಂರಕ್ಷಣಾ ಸಂಸ್ಥೆ ಮತ್ತು ತಾಂಜಾನಿಯಾದ ತಜ್ಞರು ಮರಗಳನ್ನು ಕಡಿದು, ಜಾಡನ್ನು ತೆರೆದು ದಾಖಲಿಸಿ, ಬೇರು ತಡೆಯುವ ಬಟ್ಟೆ ಹಾಸಿ, ಮರಳು ಸುರಿದು, ಮೇಲೆ ಕಲ್ಲು ಹೇರಿದರು. ಆ ಕೆಲಸದ ಕಾಲದಲ್ಲಿ ಮಸಾಯಿಗಳ ಧಾರ್ಮಿಕ ಮುಖ್ಯಸ್ಥರು ಅಲ್ಲಿ ಕುರಿ ಬಲಿ ಕೊಟ್ಟು ಜಾಗವನ್ನು ಹರಸಿದರು. ಕಲ್ಲುಗುಡ್ಡೆಯನ್ನು ಕಾಯುವವರು ಸುತ್ತಮುತ್ತ ದನ ಮೇಯಿಸುವವರೇ ಎಂಬುದು ಆಗ ಎಲ್ಲರಿಗೂ ತಿಳಿದಿದ್ದ ಮಾತು.

1979ರಲ್ಲೇ ನಿಸರ್ಗದ ಲೆಕ್ಕದಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ್ದ ಗೊರೊಂಗೊರೊಗೆ 2010ರಲ್ಲಿ ಸಾಂಸ್ಕೃತಿಕ ಮನ್ನಣೆಯೂ ಸಿಕ್ಕಿತು. ಸಿಕ್ಕಿದ್ದು ಮಾನವ ವಿಕಾಸದ ಕುರುಹುಗಳಿಗೆ. ಈಗ ಅಲ್ಲಿ ನಡೆದಾಡುತ್ತಿರುವವರ ಪಶುಪಾಲನೆಗಲ್ಲ.

ಆಡಳಿತದ ಆತಂಕವನ್ನು ಸುಳ್ಳೆನ್ನಲಾಗದು: 1959ರಲ್ಲಿ ಸುಮಾರು 8,000 ಇದ್ದ ಜನಸಂಖ್ಯೆ ಈಗ ಲಕ್ಷ ದಾಟಿದೆ, ಹುಲ್ಲು ಮಾತ್ರ ಅಷ್ಟೇ ಇದೆ. ಅದೇ ಕಾರಣ ಕೊಟ್ಟು 2022ರಿಂದ ಕುಟುಂಬಗಳನ್ನು ದೂರದ ಹಂದೇನಿ ಜಿಲ್ಲೆಯ ಮ್ಸೊಮೆರಾಕ್ಕೆ ಕಳಿಸಲಾಗುತ್ತಿದ್ದು, ಇದನ್ನು ಸ್ವಇಚ್ಛೆಯ ಸ್ಥಳಾಂತರ ಎಂದು ಕರೆಯಲಾಗಿದೆ. 2024ರ ಆಗಸ್ಟ್‌ನಲ್ಲಿ ಇಲ್ಲಿನ ಹಳ್ಳಿಗಳ ನೋಂದಣಿಯನ್ನೇ ರದ್ದುಪಡಿಸುವ ಆದೇಶ ಬಂತು. ಸಾವಿರಾರು ಜನ ಪ್ರವಾಸಿ ವಾಹನಗಳ ದಾರಿಗೆ ಅಡ್ಡ ನಿಂತರು, ಅರುಷಾದ ನ್ಯಾಯಾಲಯ ಆದೇಶವನ್ನು ತಡೆಹಿಡಿಯಿತು. ಡಿಸೆಂಬರ್‌ನಲ್ಲಿ ಅಧ್ಯಕ್ಷೆ ಸಾಮಿಯಾ ಸುಲುಹು ಹಸನ್ ಎರಡು ಆಯೋಗಗಳನ್ನು ಘೋಷಿಸಿದರು. ಒಂದು ಭೂವಿವಾದಕ್ಕೆ, ಇನ್ನೊಂದು, ಆ ಸ್ವಇಚ್ಛೆಯ ಸ್ಥಳಾಂತರ ಹೇಗೆ ನಡೆಯಿತೆಂದು ನೋಡುವುದಕ್ಕೆ.