ಪದ ಪರಿಚಯ: ಟೈಪ್ 2 ಉರಿಯೂತ, ಹರೆಯ ಮತ್ತು ಅಸ್ತಮಾ

ಅಸ್ತಮಾ ಇರುವ ಹೆಚ್ಚಿನ ಮಕ್ಕಳ ಶ್ವಾಸನಾಳದಲ್ಲಿ ನಡೆಯುವುದು ಟೈಪ್ 2 ಉರಿಯೂತ. ಅಂದರೆ ದೂಳು, ಪರಾಗದಂಥ ಅಪಾಯವಿಲ್ಲದ ವಸ್ತುಗಳ ಮೇಲೂ ರೋಗನಿರೋಧಕ ವ್ಯವಸ್ಥೆ ಮುಗಿಬೀಳುವುದು. ಟಿಎಚ್2, ಐಎಲ್‌ಸಿ2 ಎಂಬ ಬಿಳಿ ರಕ್ತಕಣಗಳು ಇಂಟರ್‌ಲ್ಯೂಕಿನ್ 4, 5 ಮತ್ತು 13 ಎಂಬ ಪ್ರೋಟೀನ್‌ಗಳನ್ನು ಹೊರಬಿಡುತ್ತವೆ. 4ರಿಂದ ಅಲರ್ಜಿಯ ಐಜಿಇ ಪ್ರತಿಕಾಯ ಹೆಚ್ಚುತ್ತದೆ. 5ರಿಂದ ಇಯೋಸಿನೊಫಿಲ್ ಎಂಬ ಇನ್ನೊಂದು ಬಗೆಯ ಬಿಳಿ ರಕ್ತಕಣಗಳು ಹೆಚ್ಚುತ್ತವೆ. 13ರಿಂದ ಕಫ ಜಾಸ್ತಿಯಾಗುತ್ತದೆ. ನಾಳದ ಒಳಪದರ ಊದಿಕೊಂಡು ದಾರಿ ಕಿರಿದಾಗುತ್ತದೆ, ಉಸಿರು ಬಿಟ್ಟಾಗ ಸುಂಯ್ ಅನ್ನುತ್ತದೆ.

ಹರೆಯದ ಹಾರ್ಮೋನುಗಳು ಕೈ ಹಾಕುವುದು ಇಲ್ಲಿಯೇ. ಚಿಕ್ಕಂದಿನಲ್ಲಿ ಅಸ್ತಮಾ ಹುಡುಗರಲ್ಲೇ ಜಾಸ್ತಿ. ಹರೆಯ ದಾಟುವಷ್ಟರಲ್ಲಿ ಲೆಕ್ಕ ತಿರುಗಿ, ಹುಡುಗಿಯರಲ್ಲಿ ಹೆಚ್ಚಾಗುತ್ತದೆ. ಹುಡುಗರಲ್ಲಿ ಹೆಚ್ಚಾಗುವ ಟೆಸ್ಟೋಸ್ಟೆರಾನ್ ಹಾರ್ಮೋನು ಐಎಲ್‌ಸಿ2 ಕಣಗಳನ್ನು ತಡೆಯುತ್ತದೆ ಎಂದು ಇಲಿಗಳ ಮೇಲಿನ ಪ್ರಯೋಗಗಳು ತೋರಿಸಿವೆ. ಹುಡುಗರ ಶ್ವಾಸನಾಳಗಳೂ ಈ ವಯಸ್ಸಿನಲ್ಲಿ ಚೆನ್ನಾಗಿ ಅಗಲವಾಗುತ್ತವೆ. ಹಾಗಾಗಿ ಅನೇಕರಿಗೆ ಆರಾಮ ಸಿಗುತ್ತದೆ. ಆದರೆ ಕೆಮ್ಮು ನಿಂತಿತು ಎಂದು ಇನ್‌ಹೇಲರ್ ಬಿಟ್ಟುಬಿಡಬಾರದು. ಲಕ್ಷಣ ಮಾಯವಾದ ಮೇಲೂ ಕೆಲವರ ನಾಳಗಳು ಸೂಕ್ಷ್ಮವಾಗಿಯೇ ಉಳಿದಿರುತ್ತವೆ, ವರ್ಷಗಳ ನಂತರ ಅಸ್ತಮಾ ಮರಳುವುದೂ ಉಂಟು.

ಹುಡುಗಿಯರ ಕಥೆ ಅಷ್ಟು ಸರಳವಲ್ಲ. ಹೆಣ್ಣಿನ ಹಾರ್ಮೋನಾದ ಈಸ್ಟ್ರೋಜನ್ ಟೈಪ್ 2 ಪ್ರತಿಕ್ರಿಯೆಗೆ ಒತ್ತು ಕೊಡುತ್ತದೆ, ಅಲರ್ಜಿಯ ಮಾಸ್ಟ್ ಕಣಗಳನ್ನೂ ಕೆರಳಿಸಬಲ್ಲದು. ಅದರ ಜೊತೆ ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹಾರ್ಮೋನು ಕೂಡ ತಿಂಗಳು ತಿಂಗಳೂ ಏರಿಳಿಯುತ್ತದೆ. ಹಾಗಂತ ಎಲ್ಲ ಹುಡುಗಿಯರಿಗೂ ಉಲ್ಬಣಿಸುತ್ತದೆ ಎಂದಲ್ಲ. ಬೇಗ ಋತುಮತಿಯಾದವರಲ್ಲಿ ಅಸ್ತಮಾದ ಸಾಧ್ಯತೆ ಸ್ವಲ್ಪ ಜಾಸ್ತಿ ಎಂದು ಹಲವು ಅಧ್ಯಯನಗಳು ಹೇಳಿವೆ. ತೂಕ ಹೆಚ್ಚಿದ್ದರೆ ಮುಟ್ಟು ಬೇಗ ಬರಬಹುದು, ಅಸ್ತಮಾವೂ ಬಿಗಡಾಯಿಸಬಹುದು. ಹಾಗಾಗಿ ತೂಕದ ಪಾತ್ರ ಎಷ್ಟು, ಬೇಗ ಬಂದ ಮುಟ್ಟಿನ ಪಾತ್ರ ಎಷ್ಟು ಎಂದು ಬಿಡಿಸಿ ನೋಡುವುದು ಕಷ್ಟ.

ಮುಟ್ಟಿಗೆ ಒಂದೆರಡು ದಿನ ಮುಂಚೆ ರಾತ್ರಿ ಕೆಮ್ಮಿನಿಂದ ಎಚ್ಚರವಾಗುವುದು, ಮೆಟ್ಟಿಲು ಹತ್ತುವಾಗ ಎದೆ ಬಿಗಿಯುವುದು, ತಕ್ಷಣ ಉಸಿರಾಟ ಸಲೀಸು ಮಾಡುವ ರಿಲೀವರ್ ಪಂಪ್ ಪದೇ ಪದೇ ಬೇಕಾಗುವುದು: ಇದು ಮುಟ್ಟಿನ ಆಸುಪಾಸಿನ ಅಸ್ತಮಾ ಆಗಿರಬಹುದು. ಹುಡುಗಿಯರು ಇದನ್ನು ನಾಚಿಕೆಯಿಂದ ಹೇಳುವುದೇ ಇಲ್ಲ, ಅಲ್ವಾ? ಕೇಳಬೇಕಾದವರು ನಾವು. ಮುಟ್ಟಿನ ತಾರೀಖು, ಪಂಪ್ ಬಳಸಿದ ದಿನ, ಉಸಿರು ಊದುವ ವೇಗ ಅಳೆಯುವ ಪೀಕ್ ಫ್ಲೋ ಮೀಟರ್ ಇದ್ದರೆ ಅದರ ಅಂಕಿ, ಇವನ್ನು ಎರಡು ಮೂರು ತಿಂಗಳು ಒಂದೇ ಹಾಳೆಯಲ್ಲಿ ಬರೆದಿಟ್ಟರೆ ಜಾಡು ಕಾಣುತ್ತದೆ. ಆ ಹಾಳೆ ನೋಡಿದರೆ, ಯಾವ ವಾರದಲ್ಲಿ ಔಷಧಿ ಬದಲಿಸಬೇಕು ಎಂದು ವೈದ್ಯರು ತೀರ್ಮಾನಿಸಬಲ್ಲರು.