ಜಾರ್ಜಿಯಾ: ಪಕ್ಷನಿಷ್ಠೆ ಎರಡು ಸಲ ಕದಲಿದ ರಾಜ್ಯ

ಅಮೆರಿಕದ ದಕ್ಷಿಣ ರಾಜ್ಯಗಳು ಡೆಮಾಕ್ರಟಿಕ್ ಪಕ್ಷವನ್ನು ಬಿಟ್ಟು ರಿಪಬ್ಲಿಕನ್ ಕಡೆ ವಾಲಿದ್ದು ಯಾವಾಗ ಎಂದು ಪರೀಕ್ಷೆಯಲ್ಲಿ ಕೇಳಿದರೆ ಹೆಚ್ಚಿನವರು 1964 ಎಂದು ಬರೆದು ಮುಗಿಸುತ್ತಾರೆ. ಅದು ಅರ್ಧ ಉತ್ತರ. ಯಾವ ಹುದ್ದೆಗೆ ನಡೆದ ಚುನಾವಣೆ ಎಂಬುದನ್ನು ಮೊದಲು ಕೇಳಿಕೊಳ್ಳಬೇಕು.

ಅಧ್ಯಕ್ಷ ಚುನಾವಣೆಯಲ್ಲಿ ಜಾರ್ಜಿಯಾ ಮೊದಲ ಬಾರಿಗೆ ರಿಪಬ್ಲಿಕನ್ ಅಭ್ಯರ್ಥಿಗೆ ಒಲಿದದ್ದು 1964ರಲ್ಲೇ. ಆ ವರ್ಷ ಡೆಮಾಕ್ರಟಿಕ್ ಅಧ್ಯಕ್ಷ ಜಾನ್ಸನ್ ಜನಾಂಗ ಭೇದವನ್ನು ನಿಷೇಧಿಸುವ ನಾಗರಿಕ ಹಕ್ಕುಗಳ ಕಾಯ್ದೆಗೆ ಸಹಿ ಹಾಕಿದ್ದರು. ಎದುರಾಳಿ ರಿಪಬ್ಲಿಕನ್ ಅಭ್ಯರ್ಥಿ ಗೋಲ್ಡ್‌ವಾಟರ್ ಸೆನೆಟ್‌ನಲ್ಲಿ ಅದರ ವಿರುದ್ಧ ಮತ ಹಾಕಿದ್ದರು. ಆದರೆ ಗವರ್ನರ್ ಹುದ್ದೆ ರಿಪಬ್ಲಿಕನ್ನರ ಕೈಗೆ ಬಂದದ್ದು 2002ರ ಚುನಾವಣೆಯಲ್ಲಿ. ನಡುವಿನ 38 ವರ್ಷ ಏನಾಯಿತು? ಸ್ಥಳೀಯ ಡೆಮಾಕ್ರಟರು ಸ್ವತಃ ಸಂಪ್ರದಾಯವಾದಿಗಳೇ ಆಗಿದ್ದರು. ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಮಟ್ಟದ ಅಧಿಕಾರವೆಲ್ಲ ಅವರ ಬಳಿ ಇತ್ತು. ಶೆರಿಫ್ (ಕೌಂಟಿಯ ಚುನಾಯಿತ ಪೊಲೀಸ್ ಮುಖ್ಯಸ್ಥ) ಯಾರಾಗಬೇಕು ಎಂಬುದು ಅನೇಕ ಕಡೆ ಡೆಮಾಕ್ರಟಿಕ್ ಪ್ರೈಮರಿಯಲ್ಲೇ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸಲು ನಡೆಯುವ ಮತದಾನದಲ್ಲೇ, ತೀರ್ಮಾನವಾಗುತ್ತಿದ್ದಾಗ, ಆ ಪಕ್ಷ ಬಿಟ್ಟರೆ ಊರಿನ ರಾಜಕೀಯದಲ್ಲಿ ಮಾತೇ ಇಲ್ಲದಂತಾಗುತ್ತಿತ್ತು. ಜೊತೆಗೆ 1976 ಮತ್ತು 1980ರಲ್ಲಿ ತವರಿನ ಮಗ, ಡೆಮಾಕ್ರಟ್ ಜಿಮ್ಮಿ ಕಾರ್ಟರ್ ಅವರನ್ನು ರಾಜ್ಯ ಕೈಹಿಡಿಯಿತು. 1992ರಲ್ಲಿ ಕ್ಲಿಂಟನ್ ಕೂಡ 14 ಸಾವಿರಕ್ಕಿಂತ ಕಡಿಮೆ ಅಂತರದಲ್ಲಿ ಗೆದ್ದರು.

2002ರಲ್ಲಿ ಡೆಮಾಕ್ರಟಿಕ್ ಗವರ್ನರ್ ರಾಯ್ ಬಾರ್ನ್ಸ್ ಸೋತರು. ಹಿಂದಿನ ವರ್ಷ ರಾಜ್ಯಧ್ವಜದ ಮೇಲಿದ್ದ ದೊಡ್ಡ ಕಾನ್ಫೆಡರೇಟ್ ಲಾಂಛನವನ್ನು (ಅಂತರ್ಯುದ್ಧದಲ್ಲಿ ಗುಲಾಮಗಿರಿಯ ಪರ ಹೋರಾಡಿದ ದಕ್ಷಿಣ ರಾಜ್ಯಗಳ ಗುರುತು) ಅವರು ಕುಗ್ಗಿಸಿದ್ದು ಗ್ರಾಮೀಣ ಬಿಳಿಯರನ್ನು ಕೆರಳಿಸಿತ್ತು. ಗೆದ್ದ ಸಾನಿ ಪರ್ಡ್ಯೂ ಸ್ವತಃ 1998ರವರೆಗೆ ಡೆಮಾಕ್ರಟ್. ಫಲಿತಾಂಶ ಬಂದ ಬೆನ್ನಿಗೇ ನಾಲ್ವರು ರಾಜ್ಯ ಸೆನೆಟರ್‌ಗಳು ಪಕ್ಷ ಬದಲಿಸಿದರು, ರಾಜ್ಯ ಸೆನೆಟ್‌ನ ಬಹುಮತವೂ ತಿರುಗಿತು. ನಮ್ಮಲ್ಲಿರುವಂಥ ಪಕ್ಷಾಂತರ ನಿಷೇಧ ಕಾಯ್ದೆ ಅಲ್ಲಿಲ್ಲ. ಜಿಗಿದವರ ಸ್ಥಾನಕ್ಕೆ ಕುತ್ತು ಬರಲಿಲ್ಲ.

ಎರಡನೆಯ ಕದಲಿಕೆ ಅಟ್ಲಾಂಟಾದ ಸುತ್ತಲಿನದು. ಗ್ವಿನೆಟ್ ಕೌಂಟಿಯ ಜನಸಂಖ್ಯೆ 1970ರಲ್ಲಿ ಸುಮಾರು 72 ಸಾವಿರ, 2020ರಲ್ಲಿ 9.57 ಲಕ್ಷ. ಗ್ವಿನೆಟ್ ಮತ್ತು ಪಕ್ಕದ ಕಾಬ್ ಕೌಂಟಿ ಎರಡೂ 2012ರಲ್ಲಿ ರಿಪಬ್ಲಿಕನ್ ರಾಮ್ನಿಯನ್ನೂ 2016ರಲ್ಲಿ ಡೆಮಾಕ್ರಟ್ ಹಿಲರಿ ಕ್ಲಿಂಟನ್‌ರನ್ನೂ ಆರಿಸಿದವು. 'ಕಾಬ್‌ನ ಜನ ಮನಸ್ಸು ಬದಲಿಸಿದರು' ಎಂದು ಬರೆಯಬೇಡಿ. ಹಳೆಯ ರಿಪಬ್ಲಿಕನ್ನರಲ್ಲಿ ಕೆಲವರು ಬದಲಾದರು, ಹೊಸಬರು ಬಂದು ನೆಲೆಸಿದರು. ಕೌಂಟಿಯ ಒಟ್ಟು ಲೆಕ್ಕ ಈ ಎರಡನ್ನು ಬೇರ್ಪಡಿಸಿ ಹೇಳುವುದಿಲ್ಲ. ಮತದಾರರ ಪಟ್ಟಿಯೂ ಪೂರ್ತಿ ನೆರವಾಗದು: ಜಾರ್ಜಿಯಾದಲ್ಲಿ ಪಕ್ಷದ ಹೆಸರಲ್ಲಿ ನೋಂದಣಿಯೇ ಇಲ್ಲ. ಯಾರು ಯಾವ ಪ್ರೈಮರಿಯಲ್ಲಿ ಮತ ಹಾಕಿದರು ಎಂಬ ದಾಖಲೆ ಸಿಗುತ್ತದೆ ನಿಜ, ಆದರೆ ಪ್ರೈಮರಿ ಎಲ್ಲರಿಗೂ ಮುಕ್ತ, ಎದುರು ಪಕ್ಷದ್ದಕ್ಕೆ ಹೋಗಿ ಮತ ಹಾಕುವವರೂ ಇದ್ದಾರೆ. ಇನ್ನು ವಲಸಿಗರು ಬಂದ ಕಡೆಯೆಲ್ಲ ರಾಜಕೀಯ ತಿರುಗಿತು ಎನ್ನುವವರು ಫೋರ್ಸೈತ್ ಕೌಂಟಿ ನೋಡಲಿ. ಭಾರತೀಯ ಮೂಲದವರು ದೊಡ್ಡ ಸಂಖ್ಯೆಯಲ್ಲಿರುವ ಆ ಕೌಂಟಿ 2020ರಲ್ಲೂ ಟ್ರಂಪ್‌ಗೆ ಭಾರಿ ಮುನ್ನಡೆ ಕೊಟ್ಟಿತು.

ನಿಷ್ಠೆ ಸಡಿಲವಾಗಿದೆ ಎಂಬುದಕ್ಕೆ ಗಟ್ಟಿ ಪುರಾವೆ ಒಂದೇ ಮತಪತ್ರದ ಎರಡು ಸಾಲುಗಳನ್ನು ಹೋಲಿಸಿದಾಗ ಸಿಗುತ್ತದೆ. ನವೆಂಬರ್ 2022ರದ್ದನ್ನು ತೆಗೆದುಕೊಳ್ಳಿ. ಗವರ್ನರ್ ಸ್ಥಾನಕ್ಕೆ ರಿಪಬ್ಲಿಕನ್ ಕೆಂಪ್‌ಗೆ 21.11 ಲಕ್ಷ ಮತ. ಅದೇ ಪಕ್ಷದ ಸೆನೆಟ್ ಅಭ್ಯರ್ಥಿ ಹರ್ಷಲ್ ವಾಕರ್‌ಗೆ 19.08 ಲಕ್ಷ. ಕೊರತೆ 2.03 ಲಕ್ಷ. ಡೆಮಾಕ್ರಟ್ ವಾರ್ನಾಕ್ ತಮ್ಮ ಪಕ್ಷದ ಗವರ್ನರ್ ಅಭ್ಯರ್ಥಿ ಏಬ್ರಮ್ಸ್‌ಗಿಂತ 1.32 ಲಕ್ಷ ಹೆಚ್ಚು ಪಡೆದರು. ಮೂರನೆಯ ಸಣ್ಣ ಪಕ್ಷವಾದ ಲಿಬರ್ಟೇರಿಯನ್ ಪಕ್ಷದ ಸೆನೆಟ್ ಅಭ್ಯರ್ಥಿಗೆ ಗವರ್ನರ್ ಸಾಲಿಗಿಂತ ಸುಮಾರು 53 ಸಾವಿರ ಹೆಚ್ಚು. ಉಳಿದ 17–18 ಸಾವಿರ ಎಲ್ಲಿ? ಸೆನೆಟ್ ಸಾಲಿನಲ್ಲಿ ಚಲಾವಣೆಯಾದ ಒಟ್ಟು ಮತವೇ ಅಷ್ಟು ಕಡಿಮೆ. ಅಂದರೆ ಕೈತಪ್ಪಿದ್ದೆಲ್ಲ ಎದುರು ಪಕ್ಷಕ್ಕೆ ಸೇರಲಿಲ್ಲ. ಇವು ನಿವ್ವಳ ಅಂಕಿಗಳು ಎಂಬುದನ್ನೂ ಉತ್ತರದಲ್ಲಿ ನಮೂದಿಸಿ. ಅತ್ತಿಂದಿತ್ತ ಪರಸ್ಪರ ದಾಟಿದವರು ಇದರಲ್ಲಿ ಕಾಣುವುದಿಲ್ಲ.

ಜಾರ್ಜಿಯಾದಲ್ಲಿ ಯಾರೂ ಶೇ 50 ದಾಟದಿದ್ದರೆ ಮೊದಲಿಬ್ಬರ ನಡುವೆ ರನ್‌ಆಫ್, ಅಂದರೆ ಎರಡನೆಯ ಸುತ್ತಿನ ಮತದಾನ, ನಡೆಯುತ್ತದೆ. ವಾರ್ನಾಕ್ ಡಿಸೆಂಬರ್ 6ರಂದು ಗೆದ್ದದ್ದು ಹಾಗೆ. ರನ್‌ಆಫ್ ಅಂಕಿಗಳನ್ನು ನವೆಂಬರ್ ಅಂಕಿಗಳ ಪಕ್ಕ ಇಟ್ಟು 'ಒಲವು ಬದಲಾಯಿತು' ಎನ್ನುವುದು ತಪ್ಪು, ಏಕೆಂದರೆ ಮತಗಟ್ಟೆಗೆ ಬರುವವರೇ ಬೇರೆ.

2020ರಲ್ಲಿ ಬೈಡನ್ 11,779 ಮತಗಳಿಂದ ಗೆದ್ದ ರಾಜ್ಯವನ್ನು 2024ರಲ್ಲಿ ಟ್ರಂಪ್ ಸುಮಾರು 1.15 ಲಕ್ಷ ಅಂತರದಿಂದ ಮರಳಿ ಪಡೆದರು. ಮರುವರ್ಷ, 2025ರ ನವೆಂಬರ್‌ನಲ್ಲಿ, ವಿದ್ಯುತ್ ದರ ನಿಗದಿ ಮಾಡುವ ಸಾರ್ವಜನಿಕ ಸೇವಾ ಆಯೋಗದ ಎರಡು ಸ್ಥಾನಗಳನ್ನು ಡೆಮಾಕ್ರಟರು ಶೇ 60ಕ್ಕೂ ಹೆಚ್ಚು ಮತಗಳಿಂದ ಗೆದ್ದರು. ಅದನ್ನು ಉಲ್ಲೇಖಿಸುವಾಗ ಒಂದು ಎಚ್ಚರ: ಅಂದು ಅಟ್ಲಾಂಟಾದಂಥ ನಗರಗಳಲ್ಲಿ ಮೇಯರ್ ಚುನಾವಣೆಯೂ ಇತ್ತು, ಹಳ್ಳಿಗಾಡಿನ ಎಷ್ಟೋ ಕಡೆ ಮತಪತ್ರದಲ್ಲಿ ಬೇರೇನೂ ಇರಲಿಲ್ಲ, ಹಾಗಾಗಿ ಮತಗಟ್ಟೆಗೆ ನಗರದವರೇ ಹೆಚ್ಚು ಬಂದಿರಬಹುದು.